ಹೂಂಗುಟ್ಟುವ ಚಟಕ್ಕೆ ಮೂರು ಗಂಟೆಯ ಮದ್ದು

ನಾಲ್ಕು ನಿಮಿಷದ ರೆಕಾರ್ಡಿಂಗ್‌ನಲ್ಲಿ ನಾನು 19 ಸಲ "ಹೂಂ" ಅಂದಿದ್ದೆ. ಎಣಿಸಿದ್ದು ನಾನಲ್ಲ. ಪಕ್ಕದಲ್ಲಿ ಕೂತಿದ್ದವರು ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಗೀಟು ಎಳೆದು ತೋರಿಸಿದರು. ಎರಡು ದಿನದ ಪಾಡ್‌ಕಾಸ್ಟ್ ಸಮ್ಮೇಳನಕ್ಕೆ ಕೊಟ್ಟ ದುಡ್ಡು ವಸೂಲಾಗಿದ್ದು ಆ ಗೀಟುಗಳಲ್ಲೇ.

ಉಳಿದ ಗೋಷ್ಠಿಗಳ ಬಗ್ಗೆ ಹೆಚ್ಚು ಹೇಳೋಕೇನಿಲ್ಲ. ಪಾಡ್‌ಕಾಸ್ಟ್‌ನಿಂದ ಹಣ ಮಾಡೋದು ಹೇಗೆ ಅಂತ ಮೂರು ಕಡೆ ಮಾತಾಡಿದರು, ಮೂರೂ ಕಡೆ ಅದದೇ ಸ್ಲೈಡು. ನಾನು ಹೋಗಿದ್ದು ಮೂರು ಗಂಟೆಯ ಸಂದರ್ಶನದ ಕಾರ್ಯಾಗಾರಕ್ಕೆ.

ಮೊದಲ ಅಭ್ಯಾಸ: ಎದುರಿಗೆ ಕೂತ ಅಪರಿಚಿತರ ಜೇಬಲ್ಲೋ ಬ್ಯಾಗಲ್ಲೋ ಇರುವ ಒಂದು ವಸ್ತುವಿನ ಬಗ್ಗೆ ಮಾತಾಡಿಸಬೇಕು. ನನ್ನ ಎದುರಿದ್ದವರು ಒಂದು ಕೀ ತೆಗೆದಿಟ್ಟರು. ಅದು ಈಗ ಯಾವ ಬೀಗಕ್ಕೂ ಆಗಲ್ಲವಂತೆ. "ಮತ್ತೆ ಯಾಕೆ ಇಟ್ಕೊಂಡಿದ್ದೀರಿ, ನೆನಪಿಗಾ?" ಅಂದೆ. "ಹೌದು" ಅಂದರು. ಮುಗೀತು ಕತೆ! ಆಮೇಲೆ ಉಳಿದ ಹೊತ್ತೆಲ್ಲ ನಾನೇ ಮಾತಾಡಿದೆ, ಹೂಂಗುಟ್ಟಿದೆ, "ಅಯ್ಯೋ ಹೌದಾ" ಅಂದೆ.

ಹೇಳಿಕೊಡುತ್ತಿದ್ದಾಕೆ ಅದನ್ನೇ ಹಾಕಿ ಕೇಳಿಸಿ, "ಪ್ರಶ್ನೆಯ ಬಾಲದಲ್ಲೇ ಉತ್ತರ ಕಟ್ಟಿಕೊಟ್ಟರೆ ಅವರಾದರೂ ಏನು ಹೇಳಬೇಕು?" ಅಂದರು. ಅವರ ಸೂತ್ರ ಇಷ್ಟೇ: "ಯಾಕೆ" ಅಂತ ಕೇಳಬೇಡಿ, "ಆ ದಿನ ಏನಾಯ್ತು" ಅಂತ ಕೇಳಿ. ಕೇಳಿದ ಮೇಲೆ ತೆಪ್ಪಗಿರಿ. ತಲೆ ಆಡಿಸಿ, ಕಣ್ಣಲ್ಲಿ ಕೇಳಿಸಿಕೊಳ್ಳಿ, ಬಾಯಿಗೆ ಮಾತ್ರ ಬೀಗ ಹಾಕಿ.

ಅದೇ ಕಷ್ಟ. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಸಂದು ಸರಾಸರಿ ಸುಮಾರು 200 ಮಿಲಿಸೆಕೆಂಡು ಅಂತ 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿ ನೋಡಿದ ಒಂದು ಅಧ್ಯಯನ ಹೇಳಿತ್ತು. ಅಂಥದ್ದರಲ್ಲಿ ಐದು ಸೆಕೆಂಡು ಸುಮ್ಮನಿರೋದು ಅಂದರೆ ಉಸಿರು ಕಟ್ಟಿಕೊಂಡ ಹಾಗೇ.

ಎರಡನೇ ಸುತ್ತಲ್ಲಿ, "ಆ ಬೀಗ ಕೊನೇ ಸಲ ತೆಗೆದ ದಿನ ಹೇಳಿ" ಅಂದು ನಾಲಿಗೆ ಕಚ್ಚಿಕೊಂಡು ಕೂತೆ. ಅವರು ಕೀಯನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದರು. ಆಮೇಲೆ, "ಮನೆ ಪೂರ್ತಿ ಖಾಲಿಯಾಗಿತ್ತು. ಗೋಡೆ ಗಡಿಯಾರ ಮಾತ್ರ ಓಡ್ತಿತ್ತು. ಸೆಲ್ ತೆಗೀಬೇಕೋ ಬಿಡಬೇಕೋ ಗೊತ್ತಾಗದೆ ಅದರ ಕೆಳಗೇ ನಿಂತಿದ್ದೆ" ಅಂದರು. ನನ್ನ ಪಟ್ಟಿಯಲ್ಲಿದ್ದ ಎಂಟು ಪ್ರಶ್ನೆಗಳಲ್ಲಿ ಒಂದೂ ಆ ಗಡಿಯಾರದ ಹತ್ತಿರಕ್ಕೂ ಹೋಗುತ್ತಿರಲಿಲ್ಲ.

ತಾಂತ್ರಿಕ ಪಾಠ ಚುಟುಕಾಗಿತ್ತು, ಆದರೆ ಪೊಳ್ಳಲ್ಲ. ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತು 30 ಸೆಕೆಂಡು ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಿನ ಕೋಣೆಯ ಸದ್ದು, ಹಿಡಿಯಬೇಕು. ಎಡಿಟಿಂಗ್‌ನಲ್ಲಿ ತೇಪೆ ಹಾಕಲು ಬೇಕಾಗುತ್ತೆ. ಆನ್‌ಲೈನ್ ಸಂದರ್ಶನವಾದರೆ ಇಬ್ಬರೂ ತಂತಮ್ಮ ಕಡೆಯೇ ರೆಕಾರ್ಡ್ ಮಾಡಿ ಆಮೇಲೆ ಜೋಡಿಸಬೇಕು, ನೆಟ್ ತೊದಲಿದರೂ ದನಿ ತೊದಲುವುದಿಲ್ಲ. ಹೀಗೆ ಟ್ರ್ಯಾಕ್ ಬೇರೆ ಬೇರೆ ಇದ್ದರೆ ನನ್ನ ಹೂಂಗಳನ್ನೂ ಮ್ಯೂಟ್ ಮಾಡಬಹುದು. ಒಂದೇ ಮೈಕಿನಲ್ಲಿ ಅತಿಥಿಯ ಮಾತಿನ ಮೇಲೆ ಬಿದ್ದ ಹೂಂ ಅನ್ನು ಕಿತ್ತರೆ ಮಾತೂ ಜೊತೆಗೇ ಕಿತ್ತು ಬರುತ್ತೆ. ಎರಡು ವರ್ಷದಿಂದ ನಾನು ಒದ್ದಾಡಿದ್ದು ಇದರ ಜೊತೆಗೇ.

ಇನ್ನು ದೂರು. ಆಡಿಯೋ ಕಲಿಸುವ ಕೋಣೆಗೆ ಮಡಚುವ ಗೋಡೆ ಕೊಟ್ಟ ಪುಣ್ಯಾತ್ಮರು ಯಾರೋ! ಪಕ್ಕದ ಹಾಲಿನ ಚಪ್ಪಾಳೆಯೆಲ್ಲ ನಮ್ಮ ಮೈಕಿಗೆ ಬಂತು. ನಾಲ್ಕು ಜನಕ್ಕೆ ಒಂದು ರೆಕಾರ್ಡರ್, ಹೆಡ್‌ಫೋನ್ ಕೂಡ ಒಂದೇ. ಕೊನೆಯ ಪ್ರಶ್ನೋತ್ತರದಲ್ಲಿ ಒಬ್ಬರು ಮೈಕ್ ಹಿಡಿದು ತಮ್ಮ ಶೋ ಪ್ರಚಾರ ಶುರುಮಾಡಿದವರು ಪ್ರಶ್ನೆಗೆ ಬರಲೇ ಇಲ್ಲ. ಮೌನದ ಪಾಠ ಕಲಿಸಿದ ಆಕೆ ಅವರನ್ನು ತಡೆಯದೆ ತಲೆಯಾಡಿಸುತ್ತಾ ಕೇಳಿಸಿಕೊಂಡಿದ್ದು ನೋಡಿ ನನಗೆ ನಗು ಬಂತು, ಸಿಟ್ಟೂ ಬಂತು.

ಹೋಗುವುದಾದರೆ ಕಾರ್ಯಾಗಾರಕ್ಕೆ ಮೊದಲೇ ಹೆಸರು ಬರೆಸಿ, ಸೀಟು ಕಮ್ಮಿ. ಹೆಡ್‌ಫೋನ್ ನಿಮ್ಮದೇ ಒಯ್ಯಿರಿ. ಆ ಕೀ ಸಂದರ್ಶನ ಇನ್ನೂ ನನ್ನ ಫೋನಿನಲ್ಲಿದೆ, ಕೊನೆಯ 30 ಸೆಕೆಂಡು ರೂಮ್ ಟೋನ್ ಸಮೇತ. ಅದರಲ್ಲೂ ಚಪ್ಪಾಳೆ.