ಹಳೇ ಯೆಜ್ಡಿಗೆ ಪಾಯಿಂಟ್ ಒಳ್ಳೇದಾ, ಸಿಡಿಐ ಒಳ್ಳೇದಾ? ಜಿಕೋವಾ, ಮಿಕುನಿನಾ?

ಹಳೇ ಯೆಜ್ಡಿ ಬೈಕನ್ನ ಎಬ್ಬಿಸೋಕೆ ಹೊರಟವರೆಲ್ಲ ಮೊದಲು ಕೇಳೋದು ಈ ಎರಡು ಪ್ರಶ್ನೆ. ಪಾಯಿಂಟ್, ಸಿಡಿಐ ಅಂದರೆ ಪ್ಲಗ್ಗಿಗೆ ಕಿಡಿ ಕೊಡೋ ಎರಡು ಥರದ ಇಗ್ನಿಷನ್: ಪಾಯಿಂಟ್ ತೆರೆದು ಮುಚ್ಚೋ ಲೋಹದ ಸ್ವಿಚ್ಚು, ಸಿಡಿಐ ಎಲೆಕ್ಟ್ರಾನಿಕ್. ಜಿಕೋವ್ ಈ ಗಾಡಿಯ ಹಳೇ ಕಾರ್ಬ್ಯುರೇಟರ್, ಮಿಕುನಿ ಅದರ ಬದಲು ಹಾಕೋ ಬೇರೆ ಕಂಪನಿಯದು. ನನ್ನ ಗಾಡಿ ಯೆಜ್ಡಿ 250 ಕ್ಲಾಸಿಕ್, 6 ವೋಲ್ಟಿನದು. ಮೈಸೂರಿನ ಯಾದವಗಿರಿ ಕಾರ್ಖಾನೆ 1996ರಲ್ಲಿ ಮುಚ್ಚಿತು, ಹಾಗಾಗಿ ಕಂಪನಿ ಸ್ಪೇರು ಅಂತ ಈಗ ಸಿಗೋದೆಲ್ಲ ಯಾರದೋ ಗೋಡೌನಿನಲ್ಲಿ ಉಳಿದದ್ದು, ಇಲ್ಲ ಇನ್ನೊಂದು ಗಾಡಿಯಿಂದ ಬಿಚ್ಚಿದ್ದು. ಉಳಿದದ್ದು ನಕಲಿ. ಇದೇ ಒಂದು ಗಾಡಿಗೆ ಎರಡು ಥರದ ಇಗ್ನಿಷನ್ನೂ ಎರಡು ಥರದ ಕಾರ್ಬ್ಯುರೇಟರೂ ಹಾಕಿ ಓಡಿಸಿ ನೋಡಿದ್ದೀನಿ. ಅದನ್ನೇ ಬರೀತಿದ್ದೀನಿ.

ಅದಕ್ಕೂ ಮೊದಲು ಕ್ರ್ಯಾಂಕ್ ಸೀಲ್ ವಿಷಯ, ಅಂದರೆ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆ ಕೂರೋ ರಬ್ಬರ್ ಬಳೆ. ಇದು ಸರಿ ಇಲ್ಲದಿದ್ದರೆ ಮುಂದಿನ ಯಾವ ಹೋಲಿಕೆಗೂ ಅರ್ಥ ಇಲ್ಲ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಹೋಗೋದು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸಿಗೆ, ಅಲ್ಲಿಂದ ಮೇಲಕ್ಕೆ. ಆ ಜಾಗ ಗಾಳಿ ಆಡದ ಹಾಗೆ ಮುಚ್ಚಿರಬೇಕು. ಗಾಡಿ ವರ್ಷಗಟ್ಟಲೆ ನಿಂತಿದ್ದರೆ ಸೀಲಿನ ರಬ್ಬರ್ ಒಣಗಿ ಕಲ್ಲಾಗಿರುತ್ತೆ. ಡೈನಮೊ (ಕರೆಂಟ್ ಹುಟ್ಟಿಸೋದು) ಕಡೆ, ಅಂದರೆ ಬಲಗಡೆ ಸೀಲ್ ಹೋಗಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಎಂಜಿನ್ ತಾನೇ ರೇಸ್ ಆಗುತ್ತೆ. ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲ್ ಎಳೆದುಕೊಂಡು ಸುಡುತ್ತೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲಲ್ಲ, ಗೇರ್ ಬಾಕ್ಸ್ ಆಯಿಲ್ ಇಳೀತಾ ಹೋಗುತ್ತೆ. ನನ್ನ ಗಾಡಿಗೆ ಈ ಎರಡೂ ಕಾಯಿಲೆ ಇತ್ತು. ನೋಡಿದವರೆಲ್ಲ ಕಾರ್ಬ್ಯುರೇಟರ್ ಮೇಲೇ ಹೇಳ್ತಿದ್ದರು, ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತಿನ ತುಂಡು) ಬದಲಾಯಿಸು, ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದರೆ ಮೇಲೇಳೋ ತುಂಡು) ಬದಲಾಯಿಸು ಅಂತ. ಎರಡೂ ಸೀಲ್ ಹೊಸದು ಬಿದ್ದ ಮೇಲೆ ಅದೇ ಕಾರ್ಬ್ಯುರೇಟರ್ ತಕರಾರಿಲ್ಲದೆ ಕೆಲಸ ಮಾಡ್ತು.

ಈಗ ಇಗ್ನಿಷನ್. ಪಾಯಿಂಟ್ ವ್ಯವಸ್ಥೆ ಬಲಗಡೆ ಕವರ್ ಬಿಚ್ಚಿದರೆ ಕಣ್ಣೆದುರೇ ಕಾಣುತ್ತೆ. ಗ್ಯಾಪ್ 0.4 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯೋ ತೆಳು ತಗಡು) ಎಲೆ ಒಳಗೆ ತೂರಿಸಿ ಎಳೆದರೆ ಬೆರಳಿಗೆ ಸಣ್ಣ ಹಿಡಿತ ಸಿಗಬೇಕು. ಜಾರಿ ಬಂದರೆ ಗ್ಯಾಪ್ ಜಾಸ್ತಿ, ಎಳೆಯೋಕೇ ಬಾರದಿದ್ದರೆ ಕಮ್ಮಿ. ಪಾಯಿಂಟ್ ಕರಕಲಾಗಿದ್ದರೆ ಎಮರಿ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ, ಬಟ್ಟೆಯಿಂದ ಒರೆಸಿದರೆ ಮುಗೀತು. ತೊಂದರೆ ಬರೋದು ಪಾಯಿಂಟ್ ನಡುವೆ ಕಿಡಿ ಹಾರದಂತೆ ತಡೆಯೋ ಸಣ್ಣ ಡಬ್ಬಿ, ಕಂಡೆನ್ಸರ್‌ನಿಂದ. ಈಗ ಸಿಗೋ ನಕಲಿ ಕಂಡೆನ್ಸರ್ ಎಂಜಿನ್ ತಣ್ಣಗಿದ್ದಾಗ ಚೆನ್ನಾಗೇ ಇರುತ್ತೆ, ಬಿಸಿಯಾದ ತಕ್ಷಣ ಕೈ ಕೊಡುತ್ತೆ. ಆಗ ಪಾಯಿಂಟ್ ನಡುವೆ ನೀಲಿ ಕಿಡಿ ಜೋರಾಗಿ ಹಾರೋದು ಕಾಣುತ್ತೆ, ಗಾಡಿ ಮಿಸ್ ಹೊಡೆಯುತ್ತೆ, ಅರ್ಧ ಗಂಟೆ ಬಿಟ್ಟು ಒದ್ದರೆ ಮತ್ತೆ ಸ್ಟಾರ್ಟ್. ನಾನು ಕೊನೆಗೆ ಕಂಡೆನ್ಸರನ್ನ ಎಂಜಿನ್ ಬಿಸಿ ತಾಗದ ಕಡೆ, ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡೋ ಕಾಯಿಲ್ ಪಕ್ಕಕ್ಕೆ ವೈರ್ ಎಳೆದು ಕೂರಿಸಿದೆ. ಆಮೇಲೆ ಆ ಕಾಟ ಇಲ್ಲ.

ಸಿಡಿಐ ಕಿಟ್ ಹಾಕಿದಾಗ ಮೊದಲು ಗೊತ್ತಾಗೋದು ಕಿಕ್ಕಲ್ಲೇ. ಬೆಳಗಿನ ಚಳೀಲೂ ಒಂದೋ ಎರಡೋ ಒದೆತಕ್ಕೆ ಎದ್ದು ಕೂರುತ್ತೆ. ಡೈನಮೊ ತೆಗೆದು ಮ್ಯಾಗ್ನೆಟ್ ಬರೋದರಿಂದ 12 ವೋಲ್ಟ್ ಸಿಗುತ್ತೆ, ಹೆಡ್‌ಲೈಟ್ ನಿಜಕ್ಕೂ ರಸ್ತೆ ತೋರಿಸುತ್ತೆ, ಹಾರ್ನ್ ಪಕ್ಕದವರಿಗೆ ಕೇಳಿಸುತ್ತೆ. ನಾನು ಹಾಕಿದ ಕಿಟ್ಟಿಗೆ ಸ್ಪಾರ್ಕ್ ಕೊಡೋಕೆ ಬ್ಯಾಟರಿಯೂ ಬೇಕಿರಲಿಲ್ಲ. 6 ವೋಲ್ಟ್ ಡೈನಮೊದಲ್ಲಿ ಟ್ರಾಫಿಕ್‌ನಲ್ಲಿ ನಿಂತರೆ ಲೈಟು ಮಂಕಾಗಿ ಬ್ಯಾಟರಿ ಇಳಿಯೋದು ಅನುಭವಿಸಿದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಬೇರೆ ಹೇಳಬೇಕಿಲ್ಲ. ಆದರೆ ಶ್ರೀರಂಗಪಟ್ಟಣ ದಾಟಿ ಮಂಡ್ಯ ಕಡೆ ಬರುವಾಗ ಕಿಡಿ ಯಾವಾಗ ಬಿಡಬೇಕು ಅಂತ ಸಿಡಿಐಗೆ ಹೇಳೋ ಪಿಕಪ್ ಕಾಯಿಲ್ ಸತ್ತುಹೋಯ್ತು. ಯಾವ ಸೂಚನೇನೂ ಕೊಡಲಿಲ್ಲ. ಪಕ್ಕದ ಊರಿನ ಮೆಕ್ಯಾನಿಕ್ ಒಳ್ಳೇ ಮನುಷ್ಯ, ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಮಾಡಿ ನೋಡಿ, 'ಸಾರ್, ಪಾಯಿಂಟ್ ಆಗಿದ್ರೆ ಏನಾದ್ರೂ ಮಾಡಬಹುದಿತ್ತು' ಅಂದ. ಗಾಡಿ ಟಾಟಾ ಏಸ್ ಹತ್ತಿ ಮನೆಗೆ ಬಂತು.

ನನ್ನ ತೀರ್ಮಾನ ಹೀಗೆ. ಊರೊಳಗೆ ದಿನಾ ಓಡಿಸ್ತೀರಿ, ರಾತ್ರಿ ಜಾಸ್ತಿ ಓಡಾಡ್ತೀರಿ ಅಂದರೆ ಸಿಡಿಐ ಹಾಕಿ, ಒಂದು ಯೂನಿಟ್ಟೂ ಒಂದು ಪಿಕಪ್ಪೂ ಜಾಸ್ತಿ ತಂದು ಇಟ್ಟುಕೊಳ್ಳಿ. ಭಾನುವಾರ ಹಗಲು ಹೊತ್ತು ದೂರ ಹೋಗೋರಾದರೆ ಪಾಯಿಂಟೇ ಇರಲಿ. ನಾನು ಪಾಯಿಂಟಿಗೆ ವಾಪಸ್ ಬಂದಿದ್ದೀನಿ. ತೆಗೆದ ಡೈನಮೊ ಮಾತ್ರ ಯಾವ ಕಾರಣಕ್ಕೂ ಗುಜರಿಗೆ ಹಾಕಬೇಡಿ, ಆಮೇಲೆ ಅಂಥದ್ದು ಸಿಗಲ್ಲ.

ಕಾರ್ಬ್ಯುರೇಟರ್ ವಿಷಯದಲ್ಲಿ ನಾನು ಉಲ್ಟಾ. ಜಿಕೋವ್ ಮೇಲೆ ಪ್ರೀತಿ ಇದೆ. ಟಿಕ್ಲರ್ (ಕಾರ್ಬ್ಯುರೇಟರ್ ತುಂಬಿ ಹರಿಯೋ ಹಾಗೆ ಮಾಡೋ ಗುಂಡಿ) ಒತ್ತಿ, ಪೆಟ್ರೋಲ್ ಬೆರಳಿಗೆ ತಾಗಿದ ಮೇಲೆ ಒದೆಯೋ ಸುಖ ಚೋಕ್ ಎಳೆಯೋದರಲ್ಲಿ ಇಲ್ಲ. ಆದರೆ ಹಳೇ ಜಿಕೋವ್‌ಗಳ ಸ್ಲೈಡೂ ಬಾಡಿಯೂ ಸವೆದಿರುತ್ತೆ. ಐಡ್ಲಿಂಗ್ ಒಂದೇ ಸಮ ನಿಲ್ಲಲ್ಲ, ಹೊಸ ಸ್ಲೈಡ್ ಹಾಕಿದರೂ ಸವೆದ ಬಾಡಿ ಸವೆದೇ ಇರುತ್ತೆ ಅಲ್ವಾ. ಮಿಕುನಿ ಹಾಕಿ, ಜೆಟ್ ಒಂದೊಂದೇ ಬದಲಾಯಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡ್ತಾ ಹೋದೆ. ಕಂದು ಬಣ್ಣ ಬಂದ ಕಡೆ ನಿಲ್ಲಿಸಿದೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲ್ತಿಲ್ಲ ಅಂತ, ಅಲ್ಲೇ ಬಿಟ್ಟರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿಯುತ್ತೆ. ಈಗ ಸಿಗ್ನಲ್‌ನಲ್ಲಿ ನಿಂತರೆ ಡಬ್ ಡಬ್ ಅಂತ ಒಂದೇ ಸಮ ಬಡಿಯುತ್ತೆ. ಒಂದೇ ಬೇಸರ, ಮಿಕುನಿ ಕೂರಿಸೋಕೆ ಬೇಕಾದ ಅಡಾಪ್ಟರ್ ಬಂದ ಮೇಲೆ ಕಾರ್ಬ್ಯುರೇಟರ್ ಮುಚ್ಚೋ ಆ ಚೆಂದದ ಕವರ್ ಕೂರಲ್ಲ. ಕವರ್ ಕತ್ತರಿಸಿ ಕೂರಿಸಿಕೊಡ್ತೀನಿ ಅಂತ ಒಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಬಿಚ್ಚಿ ಬಟ್ಟೆ ಸುತ್ತಿ ಇಟ್ಟಿದ್ದೀನಿ. ಒಳ್ಳೇ ಜಿಕೋವ್ ಸಿಕ್ಕರೆ ಎರಡನ್ನೂ ಒಟ್ಟಿಗೇ ಹಾಕೋದು.

ಟ್ಯಾಂಕಿನ ತುಕ್ಕಿಗೆ ಆಸಿಡ್ಡಾ ವಿನಿಗರಾ ಅಂದರೆ ಕಣ್ಣು ಮುಚ್ಚಿ ವಿನಿಗರ್. ನಿಧಾನ, ಆದರೆ ಹಳೇ ತಗಡನ್ನ ತೂತು ಮಾಡಲ್ಲ, ಕ್ರೋಮ್ ಹಾಳಾಗೋ ಭಯವೂ ಕಮ್ಮಿ. ತೊಳೆದ ಮೇಲೆ ಸೋಡಾ ಪುಡಿ ನೀರು ಹಾಕಿ, ಪೂರ್ತಿ ಒಣಗಿಸಿ, ತಕ್ಷಣ ಒಳಗೆಲ್ಲ ಟೂಟಿ (2T, ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಆಡಿಸಿ. ತಡ ಮಾಡಿದರೆ ಸಂಜೆಯೊಳಗೆ ಮತ್ತೆ ತುಕ್ಕು.

ಬಣ್ಣದಲ್ಲಿ ಫ್ರೇಮಿಗೆ ಪೌಡರ್ ಕೋಟ್ (ಪುಡಿ ಬಣ್ಣ ಹಾಕಿ ಬಿಸಿಯಲ್ಲಿ ಬೇಯಿಸೋದು) ಗಟ್ಟಿ, ಟ್ಯಾಂಕಿಗೆ ಪೇಂಟೇ ಚೆಂದ. ಆರ್‌ಸಿಯಲ್ಲಿ ಇರೋ ಬಣ್ಣ ಬಿಟ್ಟು ಬೇರೆ ಹೊಡೆಸೋದಾದರೆ ಆರ್‌ಟಿಒದಲ್ಲಿ ಬರೆಸಿಕೊಳ್ಳಬೇಕು. ಇನ್ನೊಂದು, ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಣ ಇರುತ್ತೆ. ಆಗ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀತಾರೆ. ಪೌಡರ್ ಕೋಟ್ ದಪ್ಪಕ್ಕೆ ಕೂತರೆ ಆ ನಂಬರ್ ಮುಚ್ಚಿಹೋಗುತ್ತೆ. ಫ್ರೇಮ್ ಕೊಡುವಾಗಲೇ ನಂಬರ್ ಮೇಲೆ ಬಿಸಿ ತಡೆಯೋ ಟೇಪ್ ಅಂಟಿಸಿ, ಫೋಟೋನೂ ತೆಗೆದಿಟ್ಟುಕೊಳ್ಳಿ.