ಚೀಲ, ಪುಡಿ, ಗುಳಿಗೆ, ತಕ್ಕಡಿ: ಬೊಳ್ಳುವಿನ ಮಂಡಿಗೆಂದು ಕೊಂಡ ಸಾಮಾನುಗಳು

ನಮ್ಮ ಬೊಳ್ಳು ಪೊಮೆರೇನಿಯನ್. ಅವನ ಹಿಂದಿನ ಎಡಗಾಲಿನ ಮಂಡಿಚಿಪ್ಪು ತನ್ನ ಜಾಗ ಬಿಟ್ಟು ಒಳಬದಿಗೆ ಜಾರುತ್ತಿತ್ತು. ಸಣ್ಣ ತಳಿಯ ನಾಯಿಗಳಲ್ಲಿ ಇದು ತೀರಾ ಸಾಮಾನ್ಯ ತೊಂದರೆ. ವೈದ್ಯರು ಇದನ್ನು ಒಂದರಿಂದ ನಾಲ್ಕರವರೆಗೆ ಹಂತಗಳಾಗಿ ಗುರುತಿಸುತ್ತಾರೆ. ಬೊಳ್ಳುವಿನದು ಮೂರನೆಯ ಹಂತ. ಚಿಪ್ಪು ಕೂರುವ ಕಾಲುವೆಯನ್ನು ಆಳ ಮಾಡಿ, ಮೊಣಕಾಲಿನ ಕೆಳಗಿರುವ ಎಲುಬಿನ ಉಬ್ಬನ್ನು ಸರಿಸಿ ಪಿನ್ ಹಾಕಿದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನು ಬರೆಯಹೊರಟಿರುವುದು ಆಮೇಲೆ ಮನೆಗೆ ಬಂದ ಸಾಮಾನುಗಳ ಬಗ್ಗೆ: ಕೀಲಿಗೆಂದೇ ತಯಾರಿಸಿದ ಒಣ ಆಹಾರದ ಚೀಲ, ಒಂದು ಡಬ್ಬಿ ಪುಡಿ, ಮೀನೆಣ್ಣೆಯ ಗುಳಿಗೆ ಮತ್ತು ಅಡುಗೆಮನೆಯ ಡಿಜಿಟಲ್ ತಕ್ಕಡಿ.

ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಲೇಬಲ್ ಮೇಲೆ ಸಂಖ್ಯೆ ಕಂಡರೆ ಕೈ ತಾನಾಗಿ ಪೆನ್ಸಿಲ್ ಹುಡುಕುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ. ಅವಸರದಲ್ಲಿರುವವರಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಾಲ್ಕರಲ್ಲಿ ಬೊಳ್ಳುವಿನ ಮಂಡಿಗೆ ಹೆಚ್ಚು ಉಪಕಾರ ಮಾಡಿದ್ದು ನಾಲ್ಕುನೂರು ರೂಪಾಯಿಯ ತಕ್ಕಡಿ. ಕಡಿಮೆ ಉಪಕಾರ ಮಾಡಿದ್ದು, ನಾಯಿಗೆ ಎಲ್ಲಕ್ಕಿಂತ ಇಷ್ಟವಾದ ಪುಡಿ.

ಹೊಲಿಗೆ ಬಿಚ್ಚಲು ಹೋದ ದಿನ ವೈದ್ಯರು ಬೊಳ್ಳುವಿನ ಪಕ್ಕೆಯ ಮೇಲೆ ಕೈಯಾಡಿಸಿ, "ಟೀಚರೇ, ಪಕ್ಕೆಲುಬು ಎಲ್ಲಿದೆ ಎಂದು ಹುಡುಕಬೇಕಾಗಿದೆಯಲ್ಲ" ಎಂದರು. ತೂಕ 7.2 ಕಿಲೋ. ಇರಬೇಕಾದದ್ದು 6. ಮೈಕಟ್ಟನ್ನು ಅಳೆಯಲು ಅವರ ಬಳಿ ಒಂದರಿಂದ ಒಂಬತ್ತರವರೆಗಿನ ಅಂಕಪಟ್ಟಿ ಇದೆ. ನಾಲ್ಕು, ಐದು ಬಂದರೆ ಸರಿ, ಇವನಿಗೆ ಬಂದದ್ದು ಏಳು. ಜೀವನದಲ್ಲಿ ಮೊದಲ ಬಾರಿಗೆ ಅಂಕ ಜಾಸ್ತಿ ಬಂತೆಂದು ಬೇಸರಪಟ್ಟೆ. ಬರೀ 1.2 ಕಿಲೋ ಎಂದು ತಳ್ಳಿಹಾಕುವಂತಿಲ್ಲ. ಅದು ಅವನ ಸರಿಯಾದ ತೂಕದ ಶೇಕಡಾ 20. ಅರವತ್ತು ಕಿಲೋ ತೂಗುವ ಮನುಷ್ಯ ಹನ್ನೆರಡು ಕಿಲೋ ಅಕ್ಕಿ ಚೀಲವನ್ನು ಹೆಗಲಿನಿಂದ ಇಳಿಸದೆ ಮೆಟ್ಟಿಲು ಹತ್ತಿ ಇಳಿದಂತೆ, ಅದೂ ಪಿನ್ ಹಾಕಿದ ಮಂಡಿಯಲ್ಲಿ.

ತೂಕಕ್ಕೂ ಕೀಲಿಗೂ ಇರುವ ನಂಟಿಗೆ ಬಲವಾದ ಆಧಾರವಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ನಾಯಿಗಳಿಗೆ ತಮ್ಮ ಜೋಡಿ ನಾಯಿಗಿಂತ ಶೇಕಡಾ 25ರಷ್ಟು ಕಡಿಮೆ ಆಹಾರ. ಕಡಿಮೆ ತಿಂದವುಗಳಿಗೆ ಸಂಧಿವಾತ ತಡವಾಗಿ ಬಂತು, ಆಯಸ್ಸು ಸುಮಾರು 1.8 ವರ್ಷ ಹೆಚ್ಚಾಯಿತು. ಪುಡಿಯಿಲ್ಲ, ಗುಳಿಗೆಯಿಲ್ಲ, ತಟ್ಟೆಯಲ್ಲಿ ಕಾಲು ಭಾಗ ಕಡಿಮೆ, ಅಷ್ಟೇ.

ಈಗ ಚೀಲ. ವೈದ್ಯರೇ ಬರೆದುಕೊಟ್ಟದ್ದು, ಒಂದೂವರೆ ಕಿಲೋಗೆ ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ತಕರಾರು ಇಂತಹ ಹೆಚ್ಚಿನ ಚೀಲಗಳಿಗೂ ಹೊಂದುತ್ತದೆ. ಒಳಗಿರುವ ಸರಕು ಒಳ್ಳೆಯದೇ. ಪ್ರೋಟೀನ್ ಸಾಕಷ್ಟಿದೆ. ಕಟ್ಟು ಹಾಕಿ ಕೂರಿಸಿದ ಕಾಲಿನ ತೊಡೆ ಬೇಗ ಸಣಕಲಾಗುತ್ತದೆ, ತೂಕ ಇಳಿಸುವಾಗ ಕರಗಬೇಕಾದ್ದು ಕೊಬ್ಬೇ ಹೊರತು ಮಾಂಸಖಂಡವಲ್ಲ. ಆದ್ದರಿಂದ ಇದು ಮುಖ್ಯ. ಮೀನೆಣ್ಣೆಯಲ್ಲಿ ಸಿಗುವ ಇಪಿಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಶೇಕಡಾ 0.4 ಎಂದು ಸ್ಪಷ್ಟವಾಗಿ ಅಚ್ಚು ಹಾಕಿದ್ದಾರೆ. ಪ್ರಮಾಣ ಬರೆಯುವ ಕಂಪನಿಗೆ ನನ್ನಿಂದ ಒಂದು ಅಂಕ ಜಾಸ್ತಿ.

ಕೆಟ್ಟದ್ದು ಹಿಂಬದಿಯ ಕೋಷ್ಟಕ. ಏಳು ಕಿಲೋ ನಾಯಿಗೆ ದಿನಕ್ಕೆ 110 ಗ್ರಾಂ ಎನ್ನುತ್ತದೆ. ಅದು ಓಡಾಡುವ, ಬೆಕ್ಕು ಅಟ್ಟುವ ನಾಯಿಯ ಲೆಕ್ಕ. ಶಸ್ತ್ರಚಿಕಿತ್ಸೆಯ ನಂತರ ಆರರಿಂದ ಎಂಟು ವಾರ ಬೇಲಿಯೊಳಗೆ ಕೂರಬೇಕಾದ, ಮೂತ್ರಕ್ಕೆ ಮಾತ್ರ ಬೆಲ್ಟ್ ಕಟ್ಟಿಸಿಕೊಂಡು ಹೊರಬರುವ ನಾಯಿಯ ಲೆಕ್ಕವೇ ಬೇರೆ. ಪಶುವೈದ್ಯರು ಬಳಸುವ ಸೂತ್ರ ಹೀಗಿದೆ: ಇರಬೇಕಾದ ತೂಕವನ್ನು ಅದರಿಂದಲೇ ಗುಣಿಸಿ, ಮತ್ತೊಮ್ಮೆ ಗುಣಿಸಿ, ಬಂದದ್ದರ ವರ್ಗಮೂಲ ತೆಗೆದು, ಅದರ ವರ್ಗಮೂಲ ತೆಗೆದು, 70ರಿಂದ ಗುಣಿಸುವುದು. ಆರಕ್ಕೆ 216, ಅದರ ಮೂಲ 14.7, ಅದರ ಮೂಲ 3.83, ಉತ್ತರ ಸುಮಾರು 270 ಕ್ಯಾಲರಿ. ಅಂಗಡಿಯವರ ಕ್ಯಾಲ್ಕುಲೇಟರ್ ಸಾಕು. ವಿಶ್ರಾಂತಿಯಲ್ಲಿದ್ದು ತೂಕವನ್ನೂ ಇಳಿಸಬೇಕಾದ ನಾಯಿಗೆ ನಮ್ಮ ವೈದ್ಯರು ಇಲ್ಲಿಂದಲೇ ಶುರು ಮಾಡಿಸಿದರು. ಈ ಚೀಲದಲ್ಲಿ ಗ್ರಾಮಿಗೆ 3.6 ಕ್ಯಾಲರಿ, ಅಂದರೆ 75 ಗ್ರಾಂ. ಕೋಷ್ಟಕವನ್ನು ನಂಬಿದ್ದರೆ ದಿನವೂ 35 ಗ್ರಾಂ ಹೆಚ್ಚುವರಿ. ನಾಯಿ ದಪ್ಪವಾಗುತ್ತದೆ, ಚೀಲ ಬೇಗ ಮುಗಿಯುತ್ತದೆ. ಎರಡನೆಯದರಿಂದ ಯಾರಿಗೆ ಲಾಭ ಎಂದು ನಾನು ಹೇಳಬೇಕಾಗಿಲ್ಲ.

ಜೊತೆಗೆ ಬಂದ ಪ್ಲಾಸ್ಟಿಕ್ ಲೋಟವನ್ನು ಮೊಮ್ಮಗಳ ಅಡುಗೆ ಆಟಕ್ಕೆ ಕೊಟ್ಟಿದ್ದೇನೆ. ಲೋಟದಲ್ಲಿ ಅಳೆಯುವುದು ಎಷ್ಟು ಮೋಸ ಎಂಬುದನ್ನು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ನೂರು ನಾಯಿ ಸಾಕಿದವರ ಕೈಯಲ್ಲಿ ಅಳತೆ ಮಾಡಿಸಿ 2019ರಲ್ಲಿ ತೋರಿಸಿದರು: ಕೆಲವರು ಅರ್ಧದಷ್ಟು ಕಡಿಮೆ ಹಾಕಿದರೆ ಕೆಲವರು ಒಂದೂವರೆ ಪಟ್ಟು ಹೆಚ್ಚುವರಿ ಹಾಕಿದ್ದರು. ಅಳತೆ ಸಣ್ಣದಾದಷ್ಟೂ ತಪ್ಪು ದೊಡ್ಡದು. ಲ್ಯಾಬ್ರಡಾರ್‌ಗೆ ಒಂದು ಹಿಡಿ ಹೆಚ್ಚು ಕಡಿಮೆಯಾದರೆ ಪರವಾಗಿಲ್ಲ, ಬೊಳ್ಳುವಿಗೆ ಒಂದು ಹಿಡಿ ಎಂದರೆ ಒಂದು ಹೊತ್ತಿನ ಊಟ.

ಚೀಲದ ಬಾಯಿಗೆ ಹಾಕಿದ ಜಿಪ್ ನಮ್ಮ ಮಳೆಗಾಲವನ್ನು ಕಂಡೇ ಇಲ್ಲವೆಂದು ಕಾಣುತ್ತದೆ. ಆಷಾಢದಲ್ಲಿ ಹಪ್ಪಳವೇ ಮೆತ್ತಗಾಗುವ ಊರು ಇದು. ಮೀನೆಣ್ಣೆ ಇರುವ ಆಹಾರಕ್ಕೆ ಗಾಳಿ ತಗುಲಿದರೆ ಎಣ್ಣೆ ಕಮಟುತ್ತದೆ, ಉಪಯೋಗವೂ ಹೋಗುತ್ತದೆ. ಚೀಲ ಸಮೇತ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಡಿ. ದೊಡ್ಡ ಚೀಲ ಅಗ್ಗವೆಂದು ಒಂದೇ ಸಣ್ಣ ನಾಯಿಗೆ ಅದನ್ನು ತರಬೇಡಿ.

ಪುಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಡಬ್ಬಿಯ ಮೇಲೆ ಹಾರುತ್ತಿರುವ ನಾಯಿಯ ಚಿತ್ರ. ಒಳಗೆ ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್, ಕಾಂಡ್ರಾಯ್ಟಿನ್, ಜೊತೆಗೆ ಅರಿಶಿನದ ಸಾರ, ಕೋಳಿಯ ಪರಿಮಳ. ಯಾವುದು ಎಷ್ಟು ಎಂದು ಮಾತ್ರ ಬರೆದಿಲ್ಲ, ಎಲ್ಲ ಸೇರಿ "ವಿಶೇಷ ಮಿಶ್ರಣ". ಗ್ಲುಕೋಸಮೈನ್ ಹೆಚ್ಚಾಗಿ ತೆಗೆಯುವುದು ಸಿಗಡಿ, ಏಡಿಗಳ ಚಿಪ್ಪಿನಿಂದ. ನಮ್ಮ ಮೀನು ಮಾರುಕಟ್ಟೆಯ ಹಿಂದೆ ರಾಶಿ ಬೀಳುವ ಆ ಚಿಪ್ಪೇ ಡಬ್ಬಿಯೊಳಗೆ ಹೊಕ್ಕು ಎಂಟುನೂರು ರೂಪಾಯಿಯಾಗಿ ಹಿಂದಿರುಗಿದೆ. ನಾಯಿ ಬೆಕ್ಕುಗಳ ಸಂಧಿವಾತಕ್ಕೆ ಕೊಡುವ ಪೂರಕಗಳ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಒಮೆಗಾ-3ಕ್ಕೆ ಒಳ್ಳೆಯ ಆಧಾರವಿದೆ, ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಜೋಡಿಗೆ ಇಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಪುಡಿ ಉದುರಿಸಿದರೆ ಬೊಳ್ಳು ತಟ್ಟೆಯ ಬಣ್ಣ ಹೋಗುವಂತೆ ನೆಕ್ಕುತ್ತಿದ್ದ. ಹಾಗೆ ನೋಡಿದರೆ ಅದೊಂದು ಒಳ್ಳೆಯ ಮಸಾಲೆ.

ಮೀನೆಣ್ಣೆಯ ಗುಳಿಗೆ ಕೊಳ್ಳುವವರು ಡಬ್ಬಿಯ ಮುಂದಿನ 1000 ಎಂಬ ಅಂಕಿಯನ್ನು ನೋಡಬೇಡಿ, ಅದು ಎಣ್ಣೆಯ ತೂಕ. ಹಿಂದೆ ತಿರುಗಿಸಿ. ಸಾಮಾನ್ಯ ಗುಳಿಗೆಯಲ್ಲಿ ಇಪಿಎ 180, ಅದರ ಜೊತೆಗಾರ ಒಮೆಗಾ-3 ಆದ ಡಿಎಚ್ಎ 120, ಒಟ್ಟು 300 ಮಿಲಿಗ್ರಾಂ ಇರುತ್ತದೆ. ಸಂಧಿವಾತದ ನಾಯಿಗಳಿಗೆ ಪಶು ಆಹಾರತಜ್ಞರು ಹೇಳುವ ಪ್ರಮಾಣಕ್ಕೂ ಮೇಲಿನ ಸೂತ್ರವೇ, 70ರ ಬದಲು 310. ಆರು ಕಿಲೋಗೆ ಸುಮಾರು 1190 ಮಿಲಿಗ್ರಾಂ. ಇದನ್ನು ಸಾಮಾನ್ಯ ಗುಳಿಗೆಯಿಂದಲೇ ತುಂಬಿಸಲು ಹೋದರೆ ದಿನಕ್ಕೆ ನಾಲ್ಕು ಬೇಕು, ನಾಲ್ಕರಲ್ಲಿ ನಲವತ್ತರ ಹತ್ತಿರ ಕ್ಯಾಲರಿ. ಬೊಳ್ಳುವಿನ ದಿನದ ಊಟದ ಏಳನೆಯ ಒಂದು ಭಾಗ ಎಣ್ಣೆಯಲ್ಲೇ ಮುಗಿಯಿತು! ಸಣ್ಣ ನಾಯಿಗೆ ಸಾಂದ್ರ ಗುಳಿಗೆಯೇ ಸರಿ. ನಾವು ತಂದದ್ದರಲ್ಲಿ ಒಂದಕ್ಕೆ 550 ಮಿಲಿಗ್ರಾಂ. ಬೆಲೆ ಜಾಸ್ತಿ, ಆದರೆ ದಿನಕ್ಕೆ ಒಂದೇ. ಚೀಲದ ಆಹಾರದಿಂದಲೇ 300 ಮಿಲಿಗ್ರಾಂ ಇಪಿಎ ಸಿಗುತ್ತದೆಯಾದ್ದರಿಂದ ಅದಕ್ಕಿಂತ ಹೆಚ್ಚು ಬೇಡವೆಂದರು ವೈದ್ಯರು. ಹೆಚ್ಚಾದರೆ ಭೇದಿಯಾಗುತ್ತದೆ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು; ಶಸ್ತ್ರಚಿಕಿತ್ಸೆಗೆ ಮೊದಲೇ ಕೊಡುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಕಾಡ್ ಲಿವರ್ ಎಣ್ಣೆಯ ಹಳದಿ ಗುಳಿಗೆ ಇದಕ್ಕೆ ಬದಲಿಯಲ್ಲ. ಅದರಲ್ಲಿ ಎ ಮತ್ತು ಡಿ ಜೀವಸತ್ವಗಳಿವೆ, ಇಷ್ಟು ಒಮೆಗಾ-3 ಸಿಗುವಷ್ಟು ಕೊಟ್ಟರೆ ಅವು ಮಿತಿ ಮೀರುತ್ತವೆ. ಅಗಸೆ ಬೀಜದ ಎಣ್ಣೆಯನ್ನು ಇಪಿಎ ಆಗಿ ಬದಲಾಯಿಸಿಕೊಳ್ಳುವುದರಲ್ಲಿ ನಾಯಿಯ ಮೈ ಬಹಳ ಹಿಂದೆ.

ಕರಾವಳಿಯವರಿಗೆ ಇನ್ನೊಂದು ದಾರಿ ಇದೆ, ಅದು ಬೂತಾಯಿ ಮೀನು (ಸಾರ್ಡೀನ್). ಮಳೆಗಾಲ ಕಳೆದ ಮೇಲೆ ಮಲ್ಪೆಗೆ ಬರುವ ಬೂತಾಯಿ ಮೈತುಂಬ ಎಣ್ಣೆ ತುಂಬಿಕೊಂಡಿರುತ್ತದೆ; ಬಾಣಲೆಗೆ ಹಾಕಿದವರಿಗೆಲ್ಲ ಗೊತ್ತು. ನಾನು ತಲೆ, ಕರುಳು ತೆಗೆದು, ಉಪ್ಪು ಖಾರ ಇಲ್ಲದೆ ಕುಕ್ಕರಿನಲ್ಲಿ ಮುಳ್ಳು ಹಿಟ್ಟಾಗುವಷ್ಟು ಬೇಯಿಸುತ್ತೇನೆ. ಹಸಿಯಾಗಿ ಕೊಡಬಾರದು, ಬಿ1 ಜೀವಸತ್ವವನ್ನು ಹಾಳುಮಾಡುವ ಅಂಶವೊಂದು ಹಸಿ ಬೂತಾಯಿಯಲ್ಲಿದೆ, ಬೇಯಿಸಿದರೆ ಹೋಗುತ್ತದೆ. ವಾರಕ್ಕೆರಡು ಸಲ 30 ಗ್ರಾಂ, ಆ ದಿನ ಚೀಲದ ಆಹಾರದಲ್ಲಿ 15 ಗ್ರಾಂ ಕಡಿತ. ನಾನು ತೂಕ ಮಾಡಿ ಒಂದೆರಡೇ ಮೀನು ಬೇರೆ ಕಟ್ಟಿಸಿಕೊಳ್ಳುವುದನ್ನು ನೋಡಿ ಮೀನಿನ ಅಕ್ಕ, "ಟೀಚರೇ, ನಿಮ್ಮ ನಾಯಿಗೆ ಡಯಟ್, ನಿಮಗೆ ಬಂಗುಡೆಯೇ?" ಎಂದು ನಗುತ್ತಾಳೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಕಾರಣ ಆಗ ಮಂಜುಗಡ್ಡೆಯ ಮೀನೇ ಗತಿ, ದರವೂ ಸಿಟ್ಟು ಬರಿಸುವಂಥದ್ದು. ಆ ಎರಡು ತಿಂಗಳು ಗುಳಿಗೆ ಮಾತ್ರ.

ಮಂಡಿ ಆಪರೇಷನ್ ಎಂದೊಡನೆ ಬೀದಿಯವರೆಲ್ಲ ಕೊಟ್ಟ ಸಲಹೆ ಕಾಲು ಸೂಪ್. ಮನುಷ್ಯರಿಗೆ ಎಲುಬು ಮುರಿದರೂ ಅದೇ ಔಷಧಿ ತಾನೇ. ಆಡಿನ ಕಾಲನ್ನು ಎಷ್ಟೇ ಕುದಿಸಿದರೂ ನೀರಿಗೆ ಇಳಿಯುವ ಕ್ಯಾಲ್ಸಿಯಂ ಅತ್ಯಲ್ಪ. ಮೇಲೆ ತೇಲುವ ಕೊಬ್ಬು ಪೊಮೆರೇನಿಯನ್ ಗಾತ್ರದ ನಾಯಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ತರಬಲ್ಲದು. ಬೆಂದ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ. ಸಾರಿಗೆ ಈರುಳ್ಳಿ ಬೆಳ್ಳುಳ್ಳಿ ಬಿದ್ದಿದ್ದರಂತೂ ಅದು ನಾಯಿಯ ರಕ್ತಕಣಗಳಿಗೆ ವಿಷ. ರಾಗಿ ಅಂಬಲಿಯಲ್ಲಿ ಕ್ಯಾಲ್ಸಿಯಂ ಇದೆ ಎನ್ನುವವರೂ ಇದ್ದಾರೆ. ಇದೆ, ನೂರು ಗ್ರಾಂ ಹಿಟ್ಟಿಗೆ ಸುಮಾರು 350 ಮಿಲಿಗ್ರಾಂ. ಆದರೆ ಸಂಪೂರ್ಣ ಆಹಾರ ತಿನ್ನುವ ನಾಯಿಗೆ ಕ್ಯಾಲ್ಸಿಯಂ ಕೊರತೆಯೇ ಇರುವುದಿಲ್ಲ, ನೂರು ಗ್ರಾಂ ಹಿಟ್ಟಿನ ಕ್ಯಾಲರಿಗೆ ಅವನ ಇಡೀ ದಿನದ ಊಟವನ್ನೇ ಬಿಡಬೇಕು. ಮನೆಯಲ್ಲೇ ಅನ್ನ ಮಾಂಸ ಬೇಯಿಸಿ ಹಾಕುವವರ ಪ್ರಶ್ನೆ ಬೇರೆ. ಅಲ್ಲಿ ಕ್ಯಾಲ್ಸಿಯಂ ನಿಜಕ್ಕೂ ಕಡಿಮೆ ಬೀಳುತ್ತದೆ, ಅದನ್ನು ವೈದ್ಯರಿಂದ ಲೆಕ್ಕ ಹಾಕಿಸಿಕೊಳ್ಳಿ.

ನಮ್ಮ ಮನೆಯ ದೊಡ್ಡ ಸವಾಲು ಇವು ಯಾವುವೂ ಅಲ್ಲ, ಬೆಳಗಿನ ಚಹಾದ ಜೊತೆ ನಮ್ಮವರು ಕೊಡುತ್ತಿದ್ದ ಮಾರಿ ಬಿಸ್ಕತ್ತು. ತಿಂಡಿತೀರ್ಥ ದಿನದ ಕ್ಯಾಲರಿಯ ಶೇಕಡಾ 10 ಮೀರಬಾರದು ಎಂಬುದು ನಿಯಮ. ಬೊಳ್ಳುವಿಗೆ ಅದು 27. ಒಂದು ಮಾರಿ ಬಿಸ್ಕತ್ತಿಗೆ ಸುಮಾರು 25. "ಪಾಪ, ಒಂದೇ ತಾನೇ" ಎನ್ನುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರಿಗೆ ಈ ಲೆಕ್ಕವನ್ನು ಜಮಾ ಖರ್ಚಿನ ರೂಪದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಈಗ 75 ಗ್ರಾಮಿನಲ್ಲೇ ಹತ್ತು ಕಾಳು ತೆಗೆದು ಅವರ ಅಂಗಿ ಜೇಬಿಗೆ ಹಾಕುತ್ತೇನೆ. ಕೊಡುವ ಸುಖ ಅವರಿಗೆ, ತಿನ್ನುವ ಸುಖ ಬೊಳ್ಳುವಿಗೆ. ನೋವಿನ ಔಷಧಿಯನ್ನು ಊಟದ ಜೊತೆಗೇ ಕೊಡಬೇಕಾಗಿದ್ದ ದಿನಗಳಲ್ಲಿಯೂ ಈ ಜೇಬು ಉಪಯೋಗಕ್ಕೆ ಬಂತು.

ತೂಕ ಇಳಿಸುವುದು ವಾರಕ್ಕೆ ಶೇಕಡಾ ಒಂದರಿಂದ ಎರಡರಷ್ಟೇ ಇರಬೇಕು, ಅವಸರ ಕೂಡದು. ಬೊಳ್ಳು ಈಗ 6.3ರಲ್ಲಿದ್ದಾನೆ, ಎಡಗಾಲನ್ನು ಪೂರ್ತಿ ಊರುತ್ತಾನೆ. ಪಕ್ಕೆಲುಬು ನನ್ನ ಬೆರಳಿಗೂ ಸಿಗುತ್ತದೆ.

ಚೀಲವನ್ನು ತೂಕ ಆರಕ್ಕೆ ಬರುವವರೆಗೆ ತರಿಸುತ್ತೇನೆ, ಆಮೇಲೆ ವೈದ್ಯರನ್ನು ಕೇಳಿ ಅಗ್ಗದ ಸಾಮಾನ್ಯ ಆಹಾರಕ್ಕೆ ಹೋಗುವ ಯೋಚನೆ ಇದೆ. ಗುಳಿಗೆ ಮುಂದುವರಿಯುತ್ತದೆ. ಪುಡಿ ಮತ್ತೆ ಬರುವುದಿಲ್ಲ. ತಕ್ಕಡಿ ಕೊಳ್ಳುವವರಿಗೆ ಎರಡು ಮಾತು: ಒಂದು ಗ್ರಾಮಿನ ವ್ಯತ್ಯಾಸ ತೋರಿಸುವಂಥದ್ದೇ ಇರಲಿ, ಐದು ಗ್ರಾಮಿನದ್ದು ಬೊಳ್ಳುವಿನ ಗಾತ್ರಕ್ಕೆ ಒರಟಾಯಿತು. ನನ್ನದು ಎರಡು ನಿಮಿಷ ಮುಟ್ಟದಿದ್ದರೆ ತಾನೇ ಆರಿಹೋಗುತ್ತದೆ, ಮೀನಿನ ಮುಳ್ಳು ನೋಡುತ್ತ ನಿಂತರೆ ಮತ್ತೆ ಸೊನ್ನೆಯಿಂದ ಶುರು. ಪೆಟ್ಟಿಗೆಯಲ್ಲಿ ಬರುವ ಬ್ಯಾಟರಿಗೆ ಆಯಸ್ಸು ಕಡಿಮೆ, ಜೊತೆಗೇ ಒಂದು ಜೋಡಿ ತೆಗೆದುಕೊಂಡು ಬನ್ನಿ.