ಕರಾವಳಿಯ ಒಂದು ಧ್ಯಾನಮಂದಿರದಲ್ಲಿ ಮೂರು ದಿನಗಳ ಮೌನ

ಮಾರ್ಚ್ ಮುಗಿಯುವ ಹೊತ್ತಿಗೆ ನನ್ನ ಮೊಬೈಲಿನಲ್ಲಿ ಒಂದು ರಾಜೀನಾಮೆ ಪತ್ರ ಸಿದ್ಧವಾಗಿತ್ತು. ಹದಿನೇಳು ವರ್ಷ ದುಡಿದ ಬ್ಯಾಂಕು, ಸಾಲ ವಸೂಲಿಯ ಗುರಿ, ರಾತ್ರಿ ಮೂರು ಗಂಟೆಗೆ ತಾನಾಗಿ ಎಚ್ಚರವಾಗಿ ಮತ್ತೆ ಮುಚ್ಚದ ಕಣ್ಣು, ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಕುಳಿತರೂ ಒಂದು ಮಾತೂ ಎದೆಗಿಳಿಯದ ಸ್ಥಿತಿ, ಇವೆಲ್ಲ ಸೇರಿ ನನ್ನನ್ನು ಮಂಗಳೂರಿನ ಸಮೀಪದ ಧ್ಯಾನಮಂದಿರವೊಂದಕ್ಕೆ ಕರೆದೊಯ್ದವು. ದೋಷಗಳನ್ನೂ ಹೇಳಬೇಕಾಗಿರುವುದರಿಂದ ಆ ಮನೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯೇಸುಸಭೆಯ (ಜೆಸ್ವಿಟ್) ಗುರುಗಳು ಅನುಸರಿಸುವ ಸಂತ ಇಗ್ನೇಷಿಯಸ್ ಲೊಯೊಲಾ ಅವರ ಪದ್ಧತಿಯಲ್ಲೇ ಅಲ್ಲಿನ ಧ್ಯಾನ ನಡೆಯುತ್ತದೆ. ಆದ್ದರಿಂದ ಅಂತಹ ಬೇರೆ ಮನೆಗಳಿಗೆ ಹೋಗುವವರಿಗೂ ಈ ವಿಮರ್ಶೆ ಉಪಯೋಗವಾದೀತು.

ಬಾಗಿಲಲ್ಲೇ ಮೊಬೈಲನ್ನು ಕಂದು ಲಕೋಟೆಯೊಂದಕ್ಕೆ ಹಾಕಿಸಿ, ಮೇಲೆ ನಮ್ಮ ಹೆಸರು ಬರೆಸಿಕೊಂಡು, ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಕೊಠಡಿಯಲ್ಲಿ ಒಂದು ಮಂಚ, ಒಂದು ಮೇಜು, ಗೋಡೆಯಲ್ಲಿ ಒಂದು ಶಿಲುಬೆ. ಊಟದ ವೇಳೆಯಲ್ಲಿಯೂ ಮಾತಿಲ್ಲ. ರಾತ್ರಿ ಕುಚ್ಚಲಕ್ಕಿ ಗಂಜಿ, ಚಟ್ನಿ ಮತ್ತು ಒಂದು ಪಲ್ಯ ಬಡಿಸುತ್ತಾರೆ. ಅಡುಗೆಯಲ್ಲಿ ಕೊರತೆಯೇನೂ ಇರಲಿಲ್ಲ. ಮೂರು ರಾತ್ರಿಗೆ ನಾನು ಕೊಟ್ಟ ಕಾಣಿಕೆ 2,700 ರೂಪಾಯಿ.

ಅಲ್ಲಿನ ನಿಜವಾದ ಸೇವೆ ಎಂದರೆ ದಿನಕ್ಕೆ ಅರ್ಧ ಗಂಟೆ ಮಾರ್ಗದರ್ಶಕ ಗುರುಗಳೊಡನೆ ನಡೆಯುವ ಮಾತುಕತೆ. ಮೊದಲ ದಿನ ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡ ಅವರು ಉಪದೇಶಕ್ಕೆ ಇಳಿಯಲಿಲ್ಲ. ಬೈಬಲಿನ ಅರಸುಗಳ ಮೊದಲನೆಯ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯವನ್ನು ಓದಿ, ಅನಂತರ ನಿದ್ದೆ ಬಂದರೆ ಮಲಗಿಬಿಡಿ ಎಂದರು. ಅದು ಪ್ರವಾದಿ ಎಲೀಯನ ಕಥೆ. ಕಾರ್ಮೆಲ್ ಬೆಟ್ಟದ ಮೇಲೆ ಬಾಳ್ ದೇವತೆಯ ಪ್ರವಾದಿಗಳೆದುರು ಗೆದ್ದವನು, ಈಜೆಬೆಲ್ ರಾಣಿಯ ಬೆದರಿಕೆಗೆ ಅಂಜಿ ಓಡಿಹೋಗಿ, ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟು, ಒಬ್ಬನೇ ಒಂದು ದಿನದ ದಾರಿ ನಡೆದು, ಮರುಭೂಮಿಯ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಬಾಲ್ಯದಿಂದ ಕೇಳಿದ್ದ ಈ ಕಥೆಯಲ್ಲಿ ದೇವದೂತನು ಅವನನ್ನು ಒಮ್ಮೆಯೂ ಗದರಿಸುವುದಿಲ್ಲ ಎಂಬುದು ಆ ದಿನದವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಕುಡಿಕೆ ನೀರು. ತಿಂದು ಅವನು ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಬಾರಿ ತಟ್ಟಿ ಎಬ್ಬಿಸಿ, ಮುಂದಿರುವ ದಾರಿ ನಿನ್ನ ಶಕ್ತಿಗೆ ಮೀರಿದ್ದೆಂದು ಹೇಳಿ ಮತ್ತೆ ಉಣಿಸುತ್ತಾನೆ. ಹೋರೇಬ್ ಬೆಟ್ಟದವರೆಗಿನ ನಲವತ್ತು ದಿನಗಳ ನಡಿಗೆ, ಅಲ್ಲಿ ಕೇಳಿದ ದೇವರ ಮೆಲುದನಿ, ಎಲ್ಲವೂ ಆಮೇಲಿನ ಮಾತು. ಆ ಮಧ್ಯಾಹ್ನ ನಾನು ನಾಲ್ಕು ಗಂಟೆ ನಿದ್ರಿಸಿದೆ. ಬಹಳ ತಿಂಗಳುಗಳ ನಂತರ ಬಂದ ಆ ನಿದ್ದೆಯನ್ನೂ ಪ್ರಾರ್ಥನೆಯ ಲೆಕ್ಕಕ್ಕೇ ಸೇರಿಸಿದ ಗುರುಗಳಿಗೆ ನಾನು ಋಣಿ.

ಎರಡನೆಯ ದಿನ ರಾಜೀನಾಮೆ ಪತ್ರದ ವಿಷಯ ತೆಗೆದೆ. ಅದನ್ನು ಕಳುಹಿಸಿ ಎಂದಾಗಲಿ ಬೇಡ ಎಂದಾಗಲಿ ಅವರು ಹೇಳದೆ, ಇಗ್ನೇಷಿಯಸರ ಒಂದು ನಿಯಮವನ್ನು ವಿವರಿಸಿದರು. ಆತ್ಮವು ಬರಡಾಗಿ, ದೇವರು ದೂರವಾದಂತೆ ತೋರುವ ಹೊತ್ತಿನಲ್ಲಿ, ಮನಸ್ಸು ತಿಳಿಯಾಗಿದ್ದಾಗ ಕೈಗೊಂಡ ನಿರ್ಧಾರವನ್ನು ಬದಲಿಸಕೂಡದು. ಆ ಹೊತ್ತಿನಲ್ಲಿ ಬದಲಿಸಬೇಕಾದದ್ದು ನಮ್ಮ ಪ್ರಾರ್ಥನೆಯ ಮತ್ತು ಆತ್ಮಾವಲೋಕನದ ಪ್ರಮಾಣವನ್ನು ಮಾತ್ರ. ಮತ್ತೊಂದು ನಿಯಮವೂ ನನಗೆ ನೇರವಾಗಿ ತಾಗಿತು: ವೈರಿಯಾದ ಸೈತಾನನು ತನ್ನ ಮಾತು ಗುಟ್ಟಾಗಿಯೇ ಉಳಿಯಲೆಂದು ಬಯಸುತ್ತಾನೆ, ನಂಬಬಲ್ಲ ಆತ್ಮಗುರುವಿನ ಮುಂದೆ ಅದನ್ನು ಬಿಚ್ಚಿಟ್ಟರೆ ಅವನ ಆಟ ಕೆಡುತ್ತದೆ. ನಾನಾದರೋ ಮನೆಯವರಿಗೂ ಏನನ್ನೂ ಹೇಳಿರಲಿಲ್ಲ. ಇವು ನೆಮ್ಮದಿಯಲ್ಲಿ ಕುಳಿತು ಬರೆದ ನಿಯಮಗಳಲ್ಲ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡ ಈ ಯೋಧ, ಮರುವರ್ಷ ಅಲ್ಲಿನದೇ ಮನ್ರೇಸಾ ಪಟ್ಟಣದಲ್ಲಿದ್ದಾಗ, ಪಾಪದ ಶಂಕೆ ಬೆನ್ನುಬಿಡದೆ ಕಾಡಿ, ಪ್ರಾಣ ಕಳೆದುಕೊಳ್ಳುವ ಪ್ರೇರಣೆಯೊಡನೆ ಹೋರಾಡಿದ್ದನ್ನು ಮುಂದೆ ತಾನೇ ಹೇಳಿ ಬರೆಯಿಸಿದ್ದಾನೆ. ಆ ಅನುಭವದಿಂದ ಹುಟ್ಟಿದ ಸಾಧನಾಕ್ರಮಕ್ಕೆ 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ದೊರೆಯಿತು. ಪೂರ್ಣಕ್ರಮ ಸುಮಾರು ಮೂವತ್ತು ದಿನಗಳದ್ದು. ಮೂರು ದಿನಗಳದ್ದು ಅದರ ರುಚಿ ತೋರಿಸುತ್ತದೆ, ಅಷ್ಟೇ.

ಸಂಜೆಯ ಪ್ರಾರ್ಥನೆಗೆ ಬೈಬಲಿನ ಕೀರ್ತನೆಗಳನ್ನು ಆರಿಸಿದ ಬಗೆಯನ್ನೂ ಮೆಚ್ಚಲೇಬೇಕು. ಸ್ತುತಿಯ ಕೀರ್ತನೆಗಳನ್ನಷ್ಟೇ ಹಾಡಿಸಿ ಮುಗಿಸದೆ, ಕತ್ತಲೆಯ ಮಾತಿನಲ್ಲೇ ಮುಗಿದುಹೋಗುವ ಎಂಬತ್ತೆಂಟನೆಯ ಕೀರ್ತನೆಯನ್ನು ಒಬ್ಬರಿಂದ ನಿಧಾನವಾಗಿ ಓದಿಸಿ, ಹತ್ತು ನಿಮಿಷ ಹಾಗೆಯೇ ಬಿಟ್ಟರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರ ಕೈಯಲ್ಲಿದ್ದ ಜಪಮಾಲೆಯ ಮಣಿಗಳು ಬೆಂಚಿಗೆ ತಾಗುವ ಸದ್ದೊಂದೇ ಕೇಳುತ್ತಿತ್ತು. ನನ್ನ ಗೋಳನ್ನು ಪವಿತ್ರಗ್ರಂಥವೇ ತನ್ನ ಬಾಯಿಂದ ಹೇಳಿದಂತಾಗಿ, ಅಂದು ಕಣ್ಣೀರು ಬಂದದ್ದನ್ನು ಮರೆಮಾಚುವ ಅಗತ್ಯವೂ ಕಾಣಲಿಲ್ಲ.

ಇಷ್ಟು ಒಳ್ಳೆಯದನ್ನು ಕಟ್ಟಿಕೊಟ್ಟವರು ಎರಡನೆಯ ರಾತ್ರಿ ಅದನ್ನು ಕೆಡಿಸಿಕೊಂಡರೆಂದು ವ್ಯಥೆಯಿಂದಲೇ ಹೇಳಬೇಕಾಗಿದೆ. ಹೊರಗಿನಿಂದ ಬಂದ ಅತಿಥಿ ಭಾಷಣಕಾರರೊಬ್ಬರು, ಚಿಂತೆಯೆಂದರೆ ವಿಶ್ವಾಸದ ಕೊರತೆ, ನಿಜವಾದ ಕ್ರೈಸ್ತರು ಕುಗ್ಗುವುದಿಲ್ಲ ಎಂದು ಒಂದೂವರೆ ಗಂಟೆ ಗಟ್ಟಿಯಾಗಿ ಸಾರಿದರು. ಗೆತ್ಸೆಮನೆ ತೋಟದಲ್ಲಿ ತನ್ನ ಪ್ರಾಣವು ಸಾಯುವಷ್ಟು ದುಃಖಕ್ಕೊಳಗಾಗಿದೆ ಎಂದು ಶಿಷ್ಯರಿಗೆ ಹೇಳಿಕೊಂಡ ಯೇಸುಸ್ವಾಮಿಯನ್ನು ಇವರು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ? ಮೊದಲೇ ಕುಸಿದವರ ತಲೆಯ ಮೇಲೆ ಅಪರಾಧದ ಹೊರೆಯನ್ನೂ ಹೇರುವ ಇಂತಹ ಬೋಧನೆ ಹಾನಿಕರ ಎಂದು ಹೊರಡುವಾಗ ಬರೆದುಕೊಟ್ಟಿದ್ದೇನೆ. ವೈದ್ಯಕೀಯ ನೆರವಿನ ಬಗ್ಗೆ ಒಂದು ಮಾತೂ ಇಲ್ಲದಿದ್ದುದು ಇನ್ನೊಂದು ಕೊರತೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲಿರುಳೂ ಕನ್ನಡದಲ್ಲಿ ಉತ್ತರಿಸುತ್ತದೆ. ಆ ಸಂಖ್ಯೆಯನ್ನು ಸೂಚನಾಫಲಕದಲ್ಲಿ ಹಾಕಲು ಒಂದು ಹಾಳೆ ಸಾಕು. ನನ್ನ ಮಾರ್ಗದರ್ಶಕ ಗುರುಗಳು ಮಾತ್ರ, ಮನೆಗೆ ಹೋದ ಮೇಲೂ ನಿದ್ದೆ ಬಾರದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ ಎಂದು ಸ್ಪಷ್ಟವಾಗಿ ಹೇಳಿದ್ದರು. ಮೂರನೆಯ ವಾರದಲ್ಲಿ ಕಂಡೆ. ಔಷಧಿ ನಡೆಯುತ್ತಿದೆ, ಪ್ರಾರ್ಥನೆಯೂ ನಡೆಯುತ್ತಿದೆ.

ಹೋಗಬಯಸುವವರು ಗಮನಿಸಬೇಕಾದ ಒಂದೆರಡು ವಿಷಯಗಳಿವೆ. ಸಾಮೂಹಿಕ ಬೋಧನೆಗಳು ಹೆಚ್ಚಾಗಿ ಕೊಂಕಣಿ ಮತ್ತು ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲಿ ಮಾತನಾಡುವ ಮಾರ್ಗದರ್ಶಕರು ಬೇಕೆಂದು ಹೆಸರು ನೋಂದಾಯಿಸುವಾಗಲೇ ಕೇಳಿಕೊಳ್ಳಿ. ಮಂಡಿನೋವಿರುವವರು ನೆಲಮಹಡಿಯ ಕೊಠಡಿಯನ್ನೇ ಕೇಳಬೇಕು, ಮೆಟ್ಟಿಲುಗಳು ಕಡಿದಾಗಿವೆ. ಸೊಳ್ಳೆಪರದೆ ಮನೆಯಿಂದಲೇ ಒಯ್ಯಿರಿ. ನಾಲ್ಕನೆಯ ಬೆಳಿಗ್ಗೆ ಲಕೋಟೆ ಕೈಗೆ ಬಂದಾಗ ನಾನು ಮೊದಲು ಕರೆ ಮಾಡಿದ್ದು ಗಂಡನಿಗೆ. ಬಸ್ ನಿಲ್ದಾಣ ತಲುಪುವವರೆಗೂ ಮಾತನಾಡಿದೆವು, ಆ ಪತ್ರದ ವಿಷಯವನ್ನೂ ಹೇಳಿದೆ.